ಗ್ರಾಮ ಪಂಚಾಯತಿ ಅಧ್ಯಕ್ಷರ ಮೊದಲ ನೂರು ದಿನ: ಗುದ್ದಲಿ ಪೂಜೆಗೆ ಮೊದಲು ಮಾಡಬೇಕಾದ ಕೆಲಸಗಳು

ಅಧ್ಯಕ್ಷರಾದ ಮೂರನೇ ದಿನಕ್ಕೇ ಗುದ್ದಲಿ ಪೂಜೆ ಮಾಡಿ, ನಾಲ್ಕನೇ ತಿಂಗಳಿಗೆ ‘ದುಡ್ಡೇ ಇಲ್ವಂತೆ’ ಎಂದು ತಲೆ ಮೇಲೆ ಕೈ ಹೊತ್ತು ಕೂತವರನ್ನು ಸಾಕಷ್ಟು ನೋಡಿದ್ದೇನೆ. ನಾನೂ ಒಂದು ಅವಧಿಗೆ ಸದಸ್ಯನಾಗಿದ್ದವನು. ನಮ್ಮ ಪಂಚಾಯತಿಯಲ್ಲೂ ಇದೇ ಆಯಿತು. ಶಾಲೆ ಮುಂದಿನ ಸಿಸಿ ರಸ್ತೆಗೆ ಕಾಯಿ ಒಡೆದೆವು, ಪೇಡ ಹಂಚಿದೆವು. ಆಮೇಲೆ ಪಾಸ್‌ಬುಕ್ ತೆಗೆದು ನೋಡಿದರೆ ಆ ಖಾತೆಯ ಹಣ ಹಿಂದಿನ ವರ್ಷದ ಬಿಲ್ಲುಗಳಿಗೇ ಸಾಲದು. ರಸ್ತೆ ಆಗಿದ್ದು ಎರಡು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಊರವರು ಅದಕ್ಕೆ ‘ಕಾಯಿ ರಸ್ತೆ’ ಅಂತ ಹೆಸರಿಟ್ಟಾಗಿತ್ತು.

ಬಹುತೇಕರು ಎಡವುವುದು ಕೆಲಸಗಳ ಸರದಿಯಲ್ಲಿ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ಅಧ್ಯಕ್ಷರ ಅವಧಿ 30 ತಿಂಗಳು. ಅದರಲ್ಲಿ ಮೊದಲ ನೂರು ದಿನ ಅಂದರೆ ಒಂಬತ್ತರಲ್ಲಿ ಒಂದು ಪಾಲು. ಈ ದಿನಗಳನ್ನು ಸನ್ಮಾನ, ಹಾರ, ಶಾಲುಗಳಲ್ಲಿ ಕಳೆದರೆ ಮುಂದೆ ಪೂರ್ತಿ ಅವಧಿ ಓಡಾಡಿದರೂ ಲೆಕ್ಕ ಸರಿಹೋಗುವುದಿಲ್ಲ.

ಕೈಯಲ್ಲಿ ಇರಬೇಕಾದ್ದು

ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಕೊಳ್ಳಿ. ಮೊಬೈಲಿನಲ್ಲಿ ಬರೆದುಕೊಂಡರೆ ಸಭೆಯಲ್ಲಿ ಹುಡುಕುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ನಿಮ್ಮದೇ ಹೆಸರಿನ, ನಿಮ್ಮ ಕೈಯಲ್ಲೇ ಇರುವ ಮೊಬೈಲ್ ನಂಬರ್ ಬೇಕು. ಒಟಿಪಿ ಬರುವುದು ಅದಕ್ಕೇ, ಮಗನ ನಂಬರ್ ಕೊಡಬೇಡಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಇದರ ಕನ್ನಡ ಪ್ರತಿ ಒಂದಿರಲಿ. ಪೂರ್ತಿ ಓದಬೇಕಾಗಿಲ್ಲ. ಗ್ರಾಮ ಸಭೆ, ಸದಸ್ಯತ್ವದ ಅನರ್ಹತೆ, ಅಧ್ಯಕ್ಷರ ಅಧಿಕಾರ, ತೆರಿಗೆ ಈ ನಾಲ್ಕು ಭಾಗಗಳಿಗೆ ಚೀಟಿ ಇಟ್ಟುಕೊಂಡರೆ ಸಾಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗೆ ಕರೆ ಬಂದರೆ ಬೇರೆ ಯಾರನ್ನೋ ಕಳಿಸದೆ ನೀವೇ ಹೋಗಿ.

ಹಂತ 1: ಎಣಿಸಿ, ಬರೆಸಿ, ಆಮೇಲೆ ವಹಿಸಿಕೊಳ್ಳಿ (ಮೊದಲ ವಾರ)

ನಿಮಗಿಂತ ಮೊದಲು ಆಡಳಿತಾಧಿಕಾರಿ ಇದ್ದಿರಬಹುದು, ಇಲ್ಲವೇ ಹಿಂದಿನ ಅಧ್ಯಕ್ಷರು. ಯಾರೇ ಇದ್ದಿರಲಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯಿಂದ, ಅಂದರೆ ಪಿಡಿಒ ಅವರಿಂದ ನೀವು ಅಧಿಕಾರ ವಹಿಸಿಕೊಂಡ ದಿನಕ್ಕೆ ಒಂದು ಸ್ಥಿತಿಗತಿ ಪಟ್ಟಿ ಕೇಳಿ. ಎಲ್ಲ ಬ್ಯಾಂಕ್ ಖಾತೆಗಳ ಆ ದಿನದ ಶಿಲ್ಕು, ನಗದು ಪುಸ್ತಕದ ಕೊನೆಯ ಪುಟ, ದಾಸ್ತಾನು ಪುಸ್ತಕ, ನಡೆಯುತ್ತಿರುವ ಕಾಮಗಾರಿಗಳು, ಕೊಡಬೇಕಾದ ಬಿಲ್ಲುಗಳು, ಬಾಕಿ ಇರುವ ಆಡಿಟ್ ಆಕ್ಷೇಪಣೆಗಳು, ಕೋರ್ಟ್ ಕೇಸುಗಳು ಇಷ್ಟೂ ಅದರಲ್ಲಿರಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ಕೊಡ್ತೀವಿ ಸಾರ್’ ಅನ್ನುತ್ತಾರೆ. ಕಾಗದದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ದಾಸ್ತಾನು ಪುಸ್ತಕ ಹಿಡಿದು ಗೋದಾಮಿಗೆ ನೀವೇ ಹೋಗಿ. ಪುಸ್ತಕದಲ್ಲಿ ಎಲ್‌ಇಡಿ ಬಲ್ಬು ನಲವತ್ತು ಅಂತಿದ್ದು ಕಪಾಟಿನಲ್ಲಿ ಆರಿದ್ದರೆ, ಆ ವ್ಯತ್ಯಾಸ ಮೊದಲ ವಾರದಲ್ಲಿ ಹಿಂದಿನವರದ್ದು. ಮೂರು ತಿಂಗಳು ಬಿಟ್ಟರೆ ನಿಮ್ಮದು. ಹಳೆಯ ಸ್ಟಾರ್ಟರ್, ಸುಟ್ಟ ಮೋಟಾರ್, ಜನರೇಟರ್, ಲ್ಯಾಪ್‌ಟಾಪ್ ಎಲ್ಲವನ್ನೂ ಮುಟ್ಟಿ ನೋಡಿ. ಕಂಡದ್ದನ್ನು ಕಂಡಂತೆ ಬರೆಸಿ, ನೀವೂ ಪಿಡಿಒ ಅವರೂ ಸಹಿ ಹಾಕಿ. ಇಲ್ಲಿ ಯಾರ ಮೇಲೂ ಆರೋಪ ಹೊರಿಸಲು ಹೋಗಬೇಡಿ. ಹಿಂದಿನವರ ಮೇಲೆ ತನಿಖೆ ಮಾಡಿಸುತ್ತೇನೆ ಎಂದು ಮೊದಲ ವಾರವೇ ಗುಡುಗಿದವರಿಗೆ ಆಮೇಲೆ ಕಚೇರಿಯ ಒಂದು ಕಡತವೂ ಸಿಕ್ಕಿಲ್ಲ.

ಇದೇ ವಾರ ಇನ್ನೊಂದು ಸಣ್ಣ ಕೆಲಸ: ನಿಮ್ಮ ಆಸ್ತಿ ಮತ್ತು ಸಾಲದ ಘೋಷಣೆಗೆ ಗಡುವು ಯಾವತ್ತು, ಯಾರಿಗೆ ಕೊಡಬೇಕು ಎಂದು ಕೇಳಿ ಬರೆದುಕೊಳ್ಳಿ.

ಹಂತ 2: ಸಹಿ ಮತ್ತು ಕೀ

ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪಂಚಾಯತಿ ದುಡ್ಡು ಹೊರಹೋಗಲು ಪಿಡಿಒ ಮತ್ತು ಅಧ್ಯಕ್ಷರ ಜಂಟಿ ಸಹಿ ಬೇಕು. ಈಗ ಹಣಕಾಸು ಆಯೋಗದ ಅನುದಾನದ ಪಾವತಿಗಳು ಇ-ಗ್ರಾಮ ಸ್ವರಾಜ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಡಿಜಿಟಲ್ ಸಹಿಯಲ್ಲಿ ಆಗುತ್ತವೆ. ಪೆನ್‌ಡ್ರೈವ್ ಥರದ ಒಂದು ಕೀ, ಅದಕ್ಕೊಂದು ಪಾಸ್‌ವರ್ಡ್. ಅದೇ ನಿಮ್ಮ ಸಹಿ.

ಸರದಿ ಹೀಗಿರಲಿ. ಹಿಂದಿನ ಅಧ್ಯಕ್ಷರ ಕೀ ನಿಷ್ಕ್ರಿಯ ಆಯಿತೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಾವಣೆಗೆ ಸಭೆಯ ನಿರ್ಣಯದ ಪ್ರತಿ ಕೇಳುತ್ತಾರೆ, ಅದನ್ನು ಮೊದಲ ಸಾಮಾನ್ಯ ಸಭೆಯಲ್ಲೇ ಮಾಡಿಸಿ. ನಿಮ್ಮ ಕೀ ಬಂದ ದಿನ ಪಾಸ್‌ವರ್ಡ್ ನೀವೇ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಕೀ ಮನೆಯ ಬೀರುವಿನಲ್ಲಿರಲಿ, ಪಾವತಿ ದಿನ ಮಾತ್ರ ಕಚೇರಿಗೆ ಬರಲಿ.

‘ಮೇಡಂ, ನೀವ್ಯಾಕೆ ಓಡಾಡ್ತೀರಾ, ಕೀ ಇಲ್ಲೇ ಇರಲಿ, ನಾವು ಹಾಕ್ಕೋತೀವಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಕೊಡಬೇಡಿ. ಕಂಪ್ಯೂಟರ್ ಆಪರೇಟರಿಗೂ ಬೇಡ, ಗಂಡನಿಗೂ ಬೇಡ. ಕರ್ನಾಟಕದಲ್ಲಿ ಪಂಚಾಯತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆದರೂ ಎಷ್ಟೋ ಕಡೆ ಕುರ್ಚಿಯಲ್ಲಿ ಕೂರುವುದು ‘ಅಧ್ಯಕ್ಷರ ಯಜಮಾನರು’. ಹಣ ತಪ್ಪಿದ ದಿನ ವಸೂಲಿ ನೋಟಿಸ್ ಬರುವುದು ಸಹಿ ಯಾರದೋ ಅವರ ಹೆಸರಿಗೆ, ಯಜಮಾನರ ಹೆಸರಿಗಲ್ಲ. ಖಾಲಿ ಚೆಕ್ಕು, ಖಾಲಿ ಓಚರು, ಖಾಲಿ ನಡವಳಿ ಹಾಳೆ ಈ ಮೂರಕ್ಕೂ ಯಾವತ್ತೂ ಸಹಿ ಹಾಕಬೇಡಿ.

ಪಾವತಿಗೆ ಕೂತಾಗ ನಾಲ್ಕು ಕಾಗದ ಕೇಳಿ: ಸಭೆಯ ನಿರ್ಣಯ, ಕಾರ್ಯಾದೇಶ, ಅಳತೆ ಪುಸ್ತಕದ ದಾಖಲೆ, ಕೆಲಸ ಮುಗಿದ ಫೋಟೋ. ನಾಲ್ಕರಲ್ಲಿ ಒಂದಿಲ್ಲದಿದ್ದರೂ ‘ನಾಳೆ ಮಾಡೋಣ’ ಅನ್ನಿ. ಹೀಗೆ ಎರಡು ಸಲ ನಾಳೆ ಅಂದ ಮೇಲೆ ಮೂರನೇ ಸಲ ಕಾಗದ ತಾನಾಗೇ ಬರುತ್ತದೆ.

ಹಂತ 3: ದುಡ್ಡು ನಿಜವಾಗಿ ಎಷ್ಟಿದೆ? (ದಿನ 8ರಿಂದ 20)

ಪಾಸ್‌ಬುಕ್ಕಿನಲ್ಲಿ ಕಾಣುವ ಮೊತ್ತ ನಿಮ್ಮ ದುಡ್ಡಲ್ಲ. ಉದಾಹರಣೆಗೆ ಎಲ್ಲ ಖಾತೆ ಸೇರಿ 18 ಲಕ್ಷ ಇದೆ ಅಂದುಕೊಳ್ಳಿ. ಮುಗಿದ ಕೆಲಸಗಳ ಬಾಕಿ ಬಿಲ್ಲು 6 ಲಕ್ಷ. ಅರ್ಧಕ್ಕೆ ನಿಂತ ಚರಂಡಿ, ಅಂಗನವಾಡಿ ಕಾಂಪೌಂಡಿಗೆ 4 ಲಕ್ಷ. ಬೀದಿ ದೀಪ ಮತ್ತು ನೀರಿನ ಮೋಟಾರುಗಳ ಕರೆಂಟ್ ಬಾಕಿ 3 ಲಕ್ಷ. ಸಿಬ್ಬಂದಿ ಸಂಬಳದ ಬಾಕಿ 2 ಲಕ್ಷ. ಉಳಿದದ್ದು 3 ಲಕ್ಷ. ಅದರಲ್ಲೂ ಯಾವ ಖಾತೆಯ ಹಣ ಯಾವುದಕ್ಕೆ ಎಂಬ ಕಟ್ಟುಪಾಡು ಬೇರೆ. ಊರಿಗೆಲ್ಲ ‘18 ಲಕ್ಷ ಇದೆ’ ಎಂದು ಹೇಳಿಬಿಟ್ಟಿದ್ದರೆ ಕಥೆ ಮುಗಿಯಿತು.

ಕಟ್ಟುಪಾಡಿನ ವಿಷಯ ಅರ್ಥ ಮಾಡಿಕೊಳ್ಳಲೇಬೇಕು. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣ. ಉಳಿದ ಶೇ 40 ಮುಕ್ತ ಅನ್ನುತ್ತಾರೆ, ಆದರೆ ಆ ಮುಕ್ತ ಹಣವನ್ನೂ ಸಂಬಳ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಹಾಗಾಗಿ ಆ ಹಳೆಯ ಹಣ ಖಾತೆಯಲ್ಲಿ ಉಳಿದಿದ್ದರೆ ಅದರಲ್ಲಿ ನೀರಿನ ಪಾಲು ಎಷ್ಟು, ಮುಕ್ತ ಪಾಲು ಎಷ್ಟು ಎಂದು ಬೇರೆ ಬೇರೆ ಬರೆಸಿ. ಹೊಸ ಅನುದಾನದ ಸುತ್ತೋಲೆಯನ್ನು ಪಿಡಿಒ ಅವರ ಮುಂದೆಯೇ ಕೂತು ಓದಿ. ನಿಮ್ಮ ಸ್ವಂತ ಸಂಪನ್ಮೂಲ ಅಂದರೆ ಮನೆ ಕಂದಾಯ, ನೀರಿನ ಶುಲ್ಕ, ಸಂತೆ ಹರಾಜು, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ. ಅದರಲ್ಲೂ ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ತೆಗೆದಿಡಬೇಕಾದ ಪಾಲು ಇದೆ. ಕಂದಾಯದ ಜೊತೆ ವಸೂಲಾಗುವ ಗ್ರಂಥಾಲಯ, ಆರೋಗ್ಯ, ಶಿಕ್ಷಣ, ಭಿಕ್ಷುಕರ ಉಪಕರಗಳು ಆಯಾ ಉದ್ದೇಶಕ್ಕೇ ಸೇರಬೇಕು. ಅದನ್ನು ಕೈಸಾಲದಂತೆ ಬಳಸಿಕೊಂಡ ಪಂಚಾಯತಿಗಳಿಗೆ ಆಡಿಟ್‌ನಲ್ಲಿ ಪೆಟ್ಟು ಬೀಳುತ್ತದೆ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಖಾತೆ, ಶಿಲ್ಕು, ಈಗಾಗಲೇ ಕೊಡಬೇಕಾದ್ದು, ಉಳಿಯುವುದು. ಇದು ಸಿದ್ಧವಾಗುವ ತನಕ ಯಾರಿಗೂ ಯಾವ ಕೆಲಸದ ಮಾತೂ ಕೊಡಬೇಡಿ. ಚುನಾವಣೆಯಲ್ಲಿ ಕೊಟ್ಟ ಮಾತು ಆಗಲೇ ಸಾಕಷ್ಟಿರುತ್ತದೆ.

ಕರೆಂಟ್ ಬಿಲ್ಲಿನ ಬಗ್ಗೆ ಒಂದು ಮಾತು. ಬೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಪಂಚಾಯತಿ ಹೆಸರಿನ ಎಲ್ಲ ಆರ್‌ಆರ್ ನಂಬರುಗಳ, ಅಂದರೆ ಕರೆಂಟ್ ಸಂಪರ್ಕದ ನಂಬರುಗಳ ಪಟ್ಟಿ ತರಿಸಿ, ಜಾಗಕ್ಕೆ ಹೋಗಿ ಹೋಲಿಸಿ. ಬತ್ತಿ ಎಷ್ಟೋ ವರ್ಷವಾದ ಕೊಳವೆ ಬಾವಿಯ ಮೀಟರಿಗೆ ಬಿಲ್ಲು ಬರುತ್ತಿರುವುದು ಅಪರೂಪವೇನಲ್ಲ. ಸ್ವಿಚ್ಚೇ ಇಲ್ಲದೆ ಹಗಲೂ ಉರಿಯುವ ಬೀದಿ ದೀಪಗಳ ಸಾಲು ಇದ್ದರೆ ಅಲ್ಲಿ ಮೊದಲು ಟೈಮರ್ ಹಾಕಿಸಿ.

ಹಂತ 4: ಸಿಬ್ಬಂದಿಯ ಜೊತೆ ಒಂದು ಬೆಳಿಗ್ಗೆ

ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್, ನೀರುಗಂಟಿಗಳು, ಸ್ವಚ್ಛತಾಗಾರರು, ಗ್ರಂಥಾಲಯ ನೋಡಿಕೊಳ್ಳುವವರು ಎಲ್ಲರನ್ನೂ ಒಂದೇ ದಿನ ಕೂರಿಸಿ. ಸಂಬಳ ಎಷ್ಟು ತಿಂಗಳಿಂದ ಬಂದಿಲ್ಲ ಎಂದು ಮೊದಲು ಕೇಳಿ. ಆ ಪ್ರಶ್ನೆ ಕೇಳಿದ ಅಧ್ಯಕ್ಷರಿಗೆ ನೀರುಗಂಟಿ ಬೆಳಗಿನ ಜಾವ ಫೋನ್ ಎತ್ತುತ್ತಾನೆ. ಪಿಡಿಒ ಅವರನ್ನು ಎಲ್ಲರ ಮುಂದೆ ಬೈಯಬೇಡಿ. ಅವರು ನಿಮ್ಮ ಕೈಕೆಳಗಿನ ಗುಮಾಸ್ತರಲ್ಲ, ನೀವೂ ಅವರ ಹಿಂಬಾಲಕರಲ್ಲ. ಜಗಳ ಬಗೆಹರಿಯದ ಮಟ್ಟಕ್ಕೆ ಹೋದರೆ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒ ಅವರಿಗೆ ಬರಹದಲ್ಲಿ ತಿಳಿಸಿ.

ಹಂತ 5: ನೀರು, ದೀಪ, ಕಸ (ದಿನ 10ರಿಂದ 45)

ಇಲ್ಲಿಂದ ಜನರಿಗೆ ಕಾಣುವ ಕೆಲಸ ಶುರು. ಹೊಸ ಕಾಮಗಾರಿ ಬೇಕಿಲ್ಲ, ಇರುವುದನ್ನು ರಿಪೇರಿ ಮಾಡಿದರೆ ಸಾಕು.

ಬೆಳಿಗ್ಗೆ ಐದೂವರೆಗೆ ನೀರುಗಂಟಿಯ ಬೈಕಿನ ಹಿಂದೆ ಕೂತು ಹೊರಡಿ. ಯಾವ ವಾಲ್ವ್ ಯಾವ ಬೀದಿಗೆ, ಯಾವ ಮನೆಯವರು ಪೈಪಿಗೆ ನೇರ ಮೋಟಾರ್ ಹಚ್ಚಿದ್ದಾರೆ, ಎಲ್ಲಿ ಪೈಪು ಚರಂಡಿಯೊಳಗೇ ಹಾದುಹೋಗಿದೆ ಎಲ್ಲ ಅವನಿಗೆ ಗೊತ್ತು, ಯಾವ ಕಡತದಲ್ಲೂ ಇಲ್ಲ. ಚರಂಡಿಯೊಳಗಿನ ಪೈಪು ಕಂಡಲ್ಲೆಲ್ಲ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಊರಿಗೆ ವಾಂತಿ-ಭೇದಿ ಬರುವುದು ಬಹುತೇಕ ಇಂಥ ಜಾಗಗಳಿಂದಲೇ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮೊದಲ ರಿಪೇರಿ ದುಡ್ಡು ಹೋಗಬೇಕಾದ್ದು ಇಲ್ಲಿಗೆ.

ಓವರ್‌ಹೆಡ್ ಟ್ಯಾಂಕನ್ನು ಕೊನೆಯ ಸಲ ತೊಳೆದದ್ದು ಯಾವತ್ತು ಎಂದು ಕೇಳಿ. ಉತ್ತರ ತಡವರಿಸಿದರೆ ಅದೇ ವಾರ ತೊಳೆಸಿ, ದಿನಾಂಕವನ್ನು ಟ್ಯಾಂಕಿನ ಕಂಬಕ್ಕೇ ಬಣ್ಣದಲ್ಲಿ ಬರೆಸಿ. ಬ್ಲೀಚಿಂಗ್ ಪುಡಿ ಹಾಕಿದ್ದೇವೆ ಎಂಬ ಮಾತು ಪರೀಕ್ಷೆಯಲ್ಲ. ಟ್ಯಾಂಕಿನಿಂದ ಅತಿ ದೂರದ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಂಚಾಯತಿಯ ಪರೀಕ್ಷಾ ಕಿಟ್‌ನಲ್ಲಿ ಇದನ್ನು ನೋಡಬಹುದು. ಕಿಟ್ ಎಲ್ಲಿದೆ ಎಂದರೆ ಹೆಚ್ಚಿನ ಕಡೆ ಬೀರುವಿನ ಮೇಲೆ, ಸೀಲು ಕೂಡ ಒಡೆಯದೆ ಧೂಳು ಹಿಡಿದಿರುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು ಕಡೆಯವರಾದರೆ ಪ್ರತಿ ಕೊಳವೆ ಬಾವಿಯ ಫ್ಲೋರೈಡ್ ವರದಿ ತರಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿಯ ನೀರು ಕುಡಿಯಲು ಬೇಡ.

ಬೇಸಿಗೆ ಎದುರಿದ್ದರೆ ಒಂದು ಹೆಚ್ಚುವರಿ ಮೋಟಾರ್, ಒಂದು ಸ್ಟಾರ್ಟರ್ ಸಿದ್ಧವಿಟ್ಟುಕೊಳ್ಳಿ. ಮೋಟಾರ್ ಸುಟ್ಟ ದಿನ ಕೊಟೇಶನ್ ಕರೆಯುತ್ತ ಕೂತರೆ ಮೂರು ದಿನ ನೀರಿಲ್ಲ, ನಾಲ್ಕನೇ ದಿನ ಪಂಚಾಯತಿ ಮುಂದೆ ಖಾಲಿ ಕೊಡಗಳು.

ಬೀದಿ ದೀಪಕ್ಕೆ ಕಂಬಗಳಿಗೆ ನಂಬರ್ ಬರೆಸಿ. ‘ಮಾರಮ್ಮನ ಗುಡಿ ಹತ್ರದ ಕಂಬ’ ಅಂತ ದೂರು ಬಂದರೆ ಯಾವುದೆಂದು ಗೊತ್ತಾಗುವುದಿಲ್ಲ, ‘27ನೇ ಕಂಬ’ ಅಂದರೆ ಗೊತ್ತಾಗುತ್ತದೆ. ಕಸಕ್ಕೆ ಸ್ವಚ್ಛ ವಾಹಿನಿ ಗಾಡಿ ಇದ್ದು ನಿಂತಿದ್ದರೆ, ಡೀಸೆಲ್ಲಿಗೋ ಸಂಬಳಕ್ಕೋ ಯಾವುದಕ್ಕೆ ನಿಂತಿದೆ ನೋಡಿ. ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಹೆಣ್ಣುಮಕ್ಕಳ ಜೊತೆ ಒಪ್ಪಂದ ಇದ್ದರೆ ಅವರ ಬಾಕಿ ಮೊದಲು ತೀರಿಸಿ.

ಹಂತ 6: ಸಾಮಾನ್ಯ ಸಭೆ ಮತ್ತು ನಡವಳಿ ಪುಸ್ತಕ

ತಿಂಗಳಿಗೊಂದು ಸಭೆ ಆಗಲೇಬೇಕು. ನೋಟಿಸು ಕಾರ್ಯಸೂಚಿಯ ಸಮೇತ ಏಳು ದಿನ ಮೊದಲೇ ಸದಸ್ಯರ ಕೈಸೇರಲಿ. ಹೊಸಬರು ಗಮನಿಸದ ಒಂದು ಸಾಲು ಕಾರ್ಯಸೂಚಿಯ ಕೊನೆಯಲ್ಲಿರುತ್ತದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಊಟದ ಹೊತ್ತಿಗೆ, ಎಲ್ಲರೂ ಏಳುವಾಗ, ಆ ಸಾಲಿನ ಕೆಳಗೆ ಲಕ್ಷಗಟ್ಟಲೆ ಬಿಲ್ಲು ಪಾಸಾಗುತ್ತವೆ. ಖರ್ಚಿನ ಯಾವ ವಿಷಯವನ್ನೂ ‘ಇತರೆ’ಯಲ್ಲಿ ತರಬಾರದು ಎಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿ.

ನಡವಳಿಯನ್ನು ಸಭೆಯಲ್ಲೇ ಬರೆಸಿ, ಓದಿಸಿ, ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆಸಿ, ಆಮೇಲೆ ಸಹಿ. ‘ನೀಟಾಗಿ ಬರ್ಕೊಂಡು ಬರ್ತೀವಿ’ ಎಂದು ಪುಸ್ತಕ ಒಳಗೆ ಹೋದರೆ ಹೊರಬರುವಾಗ ನೀವು ಆಡದ ಮಾತೂ ಅದರಲ್ಲಿರಬಹುದು. ‘ಘಟನೋತ್ತರ ಮಂಜೂರಾತಿ’ ಎಂಬ ಪದ ಕಂಡರೆ ಪೆನ್ನು ಕೆಳಗಿಡಿ. ಕೆಲಸ ಮಾಡಿ ಮುಗಿಸಿ ಆಮೇಲೆ ಒಪ್ಪಿಗೆ ಕೇಳುವ ದಾರಿ ಅದು. ಒಡೆದ ಪೈಪಿಗೆ, ಸುಟ್ಟ ಮೋಟಾರಿಗೆ ಸರಿ, ಕಾಂಪೌಂಡಿಗಲ್ಲ.

ಸ್ಥಾಯಿ ಸಮಿತಿಗಳನ್ನು ಕಾಗದಕ್ಕಾಗಿ ರಚಿಸಿ ಮರೆಯುವುದು ರೂಢಿ. ಸಾಮಾಜಿಕ ನ್ಯಾಯ ಸಮಿತಿಗೆ ಉಪಾಧ್ಯಕ್ಷರೇ ಅಧ್ಯಕ್ಷರು. ಅವರಿಗೆ ಅದರ ಕೆಲಸ ನಿಜವಾಗಿ ಬಿಟ್ಟುಕೊಡಿ. ಉಪಾಧ್ಯಕ್ಷರಿಗೆ ಕೆಲಸವಿಲ್ಲದ ಪಂಚಾಯತಿಯಲ್ಲಿ ಬಣ ಹುಟ್ಟಲು ಆರು ತಿಂಗಳು ಸಾಕು.

ಹಂತ 7: ವಾರ್ಡ್ ಸಭೆ ಮೊದಲು, ಗ್ರಾಮ ಸಭೆ ಆಮೇಲೆ (ದಿನ 45ರಿಂದ 75)

ವಾರ್ಡ್ ಸಭೆ ನಡೆಸದೆ ಗ್ರಾಮ ಸಭೆ ಕರೆದರೆ ಅದು ಬರೀ ಗಲಾಟೆ. ಪ್ರತಿ ವಾರ್ಡಿನಲ್ಲಿ ಆಯಾ ಸದಸ್ಯರು ಬೇಡಿಕೆಗಳ ಪಟ್ಟಿ ಮಾಡಿ ತರಲಿ. ಗ್ರಾಮ ಸಭೆ ಆ ಪಟ್ಟಿಗಳನ್ನು ಸರದಿಗೆ ಹಚ್ಚಲಿ.

ದಿನ ನಿಗದಿ ಮಾಡುವಾಗ ಸಂತೆ ದಿನ, ಬಿತ್ತನೆಯ ವಾರ, ಊರ ಹಬ್ಬ ತಪ್ಪಿಸಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋಗುವವರು ಬರಲಾರರು. ಬಂದವರೆಲ್ಲ ಗುತ್ತಿಗೆದಾರರು ಮತ್ತು ಅವರ ಕಡೆಯವರೇ ಆಗುತ್ತಾರೆ. ಡಂಗುರ ಹೊಡೆಸಿ, ಕಸದ ಗಾಡಿಯ ಮೈಕಿನಲ್ಲಿ ಮೂರು ದಿನ ಕೂಗಿಸಿ.

ಸಭೆಯ ಮೊದಲ ವಿಷಯ ಹೊಸ ಬೇಡಿಕೆ ಆಗಬಾರದು. ಕಳೆದ ಗ್ರಾಮ ಸಭೆಯ ಪಟ್ಟಿ ತೆಗೆದು, ಇದು ಆಗಿದೆ, ಇದು ಆಗಿಲ್ಲ, ಇದು ಯಾಕೆ ಆಗಿಲ್ಲ ಎಂದು ಓದಿಸಿ. ಮುಂದೆ ಹಂತ 3ರ ನಾಲ್ಕು ಕಾಲಂ ಪುಟವನ್ನು ಗೋಡೆ ಮೇಲೆ ಅಂಟಿಸಿ. ‘ಎಲ್ಲ ಸೇರಿ ನಮ್ಮ ಕೈಯಲ್ಲಿ ಇಷ್ಟೇ ಇದೆ, ಯಾವುದು ಮೊದಲು?’ ಎಂದು ಕೇಳಿ. ಜನ ಬೈಯುತ್ತಾರೆ ಅಂದುಕೊಂಡಿದ್ದೆ. ನಮ್ಮಲ್ಲಿ ತಡವಾಗಿ ಒಂದು ಸಲ ಹೀಗೆ ಮಾಡಿದಾಗ ಹಿರಿಯರೊಬ್ಬರು ಎದ್ದು ತಮ್ಮ ಬೀದಿಯ ಕಾಂಕ್ರೀಟನ್ನು ತಾವೇ ಮುಂದಿನ ವರ್ಷಕ್ಕೆ ತಳ್ಳಿ, ಕಾಲೊನಿಯ ನೀರು ಮೊದಲಾಗಲಿ ಅಂದರು.

ಮನೆ ಹಂಚಿಕೆಯ ಫಲಾನುಭವಿಗಳ ಆಯ್ಕೆ ಬಂದರೆ ಹೆಸರಿನ ಜೊತೆ ಕಾರಣವನ್ನೂ ಓದಿ: ಗುಡಿಸಲು, ವಿಧವೆ, ಅಂಗವಿಕಲರು, ನಿವೇಶನ ಇದೆಯೋ ಇಲ್ಲವೋ. ಹಿಂದಿನ ರಾತ್ರಿ ಯಾರದೋ ಮನೆಯಲ್ಲಿ ಸಿದ್ಧವಾದ ಪಟ್ಟಿಯನ್ನು ಸಭೆಯಲ್ಲಿ ಓದುವ ಪದ್ಧತಿ ಊರಿಗೆಲ್ಲ ಗೊತ್ತು. ಮೊದಲ ಸಲವೇ ಅದಕ್ಕೆ ತಲೆಬಾಗಿದರೆ ಮುಂದೆ ಏಳಲಾಗದು.

ಹಂತ 8: ಕಂದಾಯ

ಮೊದಲು ನಿಮ್ಮ ಮನೆ, ನಿಮ್ಮ ಅಣ್ಣತಮ್ಮಂದಿರ ಮನೆ, ಎಲ್ಲ ಸದಸ್ಯರ ಮನೆಗಳ ಕಂದಾಯ ಕಟ್ಟಿಸಿ. ಆ ರಸೀದಿ ಕೈಯಲ್ಲಿಲ್ಲದೆ ಬೇರೆಯವರ ಬಾಗಿಲು ತಟ್ಟಲು ಹೋಗಬೇಡಿ. ಆಮೇಲೆ ಬೇಡಿಕೆ, ವಸೂಲಿ, ಬಾಕಿ ತಃಖ್ತೆ (ಪಟ್ಟಿ) ತರಿಸಿ ದೊಡ್ಡ ಬಾಕಿದಾರರಿಂದ ಶುರು ಮಾಡಿ. ಕೋಳಿ ಫಾರಂ, ಮೊಬೈಲ್ ಟವರ್, ಕಲ್ಯಾಣ ಮಂಟಪ, ಹೊಸ ಬಡಾವಣೆ ಇವು ವಹಿಯಲ್ಲೇ ಇಲ್ಲದಿರುವುದು ಹೆಚ್ಚು. ಗುಡಿಸಲಿನ ಮುದುಕಿಯ ಇನ್ನೂರು ರೂಪಾಯಿಗೆ ನೋಟಿಸ್ ಕೊಟ್ಟು ಫಾರಂ ಮಾಲೀಕರನ್ನು ಬಿಟ್ಟರೆ ಊರು ನಗುತ್ತದೆ. ರಸೀದಿ ಇಲ್ಲದ ನಗದನ್ನು ಬಿಲ್ ಕಲೆಕ್ಟರ್ ಮುಟ್ಟಬಾರದು. ಕ್ಯೂಆರ್ ಕೋಡ್ ಇದ್ದರೆ ಕಚೇರಿ ಬಾಗಿಲಿಗೇ ಅಂಟಿಸಿ.

ಇವು ಕಂಡರೆ ಅಲ್ಲೇ ನಿಲ್ಲಿ

ಒಂದೇ ರಸ್ತೆಯ ಕೆಲಸ ಮೂರು ತುಂಡಾಗಿ ಮೂರು ಕಡತದಲ್ಲಿ ಬಂದಿದೆ. ಟೆಂಡರ್ ತಪ್ಪಿಸುವ ತುಂಡು ಗುತ್ತಿಗೆ ಅದು. ಮೂರು ಕೊಟೇಶನ್ನಿನ ಕೈಬರಹ ಒಂದೇ ಥರ ಇದೆ. ಕಾಮಗಾರಿಯ ಫೋಟೋದಲ್ಲಿ ಹಿನ್ನೆಲೆಯ ಮರ ಬೇರೆ ಊರಿನದ್ದು. ಉದ್ಯೋಗ ಖಾತರಿಯ ಹಾಜರಿಯಲ್ಲಿ ಬೆಂಗಳೂರಿನಲ್ಲಿರುವ ಹುಡುಗನ ಹೆಸರಿದೆ. ಭೂಪರಿವರ್ತನೆ ಆಗದ ಹೊಲದ ಸೈಟುಗಳಿಗೆ ನಿಯಮ ಮೀರಿ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ಖಾತೆ) ಮಾಡಿಕೊಡಲು ನಿಮ್ಮ ಕಡೆಯಿಂದ ಪಿಡಿಒ ಅವರಿಗೆ ಒಂದು ಫೋನ್ ಮಾಡಿಸಿ ಎಂದು ದಲ್ಲಾಳಿ ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದಾನೆ. ನಿಮ್ಮ ಬಾಮೈದನೇ ಗುತ್ತಿಗೆ ಕೇಳುತ್ತಿದ್ದಾನೆ. ಕೊನೆಯದು ಅತಿ ಕಷ್ಟದ್ದು, ಗೊತ್ತು. ಆದರೆ ಪಂಚಾಯತಿ ಗುತ್ತಿಗೆಯಲ್ಲಿ ನಿಮ್ಮ ಪಾಲಿದೆ ಎಂದು ಸಾಬೀತಾದರೆ ಸದಸ್ಯತ್ವವೇ ಹೋಗುತ್ತದೆ. ಮನೆಯವರಿಗೆ ಇದನ್ನು ಮೊದಲ ವಾರವೇ ಹೇಳಿಬಿಡಿ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕವೂ ಕಾಮಗಾರಿಯೂ ಜನರ ಮುಂದೆ ಬಿಚ್ಚಿಕೊಳ್ಳುತ್ತವೆ. ಯಾವ ಕಡತಕ್ಕೆ ಸಹಿ ಹಾಕುವಾಗಲೂ ಆ ದಿನ ನೆನಪಿರಲಿ.

ಹಂತ 9: ಈಗ ಗುದ್ದಲಿ (ದಿನ 75ರ ನಂತರ)

ಅರ್ಧಕ್ಕೆ ನಿಂತ ಕೆಲಸಗಳನ್ನು ಮೊದಲು ಮುಗಿಸಿ. ಹಿಂದಿನವರ ಹೆಸರು ಕಲ್ಲಿನಲ್ಲಿ ಬಂದರೆ ಬರಲಿ. ಹೊಸದಾಗಿ ಒಂದೋ ಎರಡೋ ಸಾಕು. ಸರದಿ ಹೀಗೆ: ಗ್ರಾಮ ಸಭೆಯ ಆಯ್ಕೆ, ಕ್ರಿಯಾ ಯೋಜನೆಗೆ ಅನುಮೋದನೆ, ಎಂಜಿನಿಯರರ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕಾರ್ಯಾದೇಶದ ಪ್ರತಿ ನಿಮ್ಮ ಕೈಗೆ ಬಂದ ದಿನ ಪುರೋಹಿತರಿಗೆ ಹೇಳಿ ಕಳಿಸಿ, ಅದಕ್ಕೆ ಮೊದಲು ಬೇಡ.

ರಸ್ತೆಯಾದರೆ ಕಾಂಕ್ರೀಟು ಸುರಿಯುವ ಮೊದಲು ನಲ್ಲಿ ಪೈಪು ಹಾಕಿ ಆಯಿತೇ, ಮನೆಮನೆಗೆ ಸಂಪರ್ಕ ಕೊಟ್ಟಾಯಿತೇ ನೋಡಿ. ಹೊಸ ರಸ್ತೆಯನ್ನು ತಿಂಗಳೊಳಗೆ ಪೈಪಿಗಾಗಿ ಅಗೆದ ಊರುಗಳು ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತವೆ, ಹೋಗಿ ನೋಡಿಕೊಂಡು ಬನ್ನಿ. ಅಂದಾಜು ಮೊತ್ತ, ಉದ್ದ, ದಪ್ಪ, ಗುತ್ತಿಗೆದಾರರ ಹೆಸರು ಇರುವ ಫಲಕ ಕೆಲಸ ಶುರುವಾಗುವ ದಿನವೇ ನಿಲ್ಲಲಿ. ಬಿಲ್ಲಿನ ದಿನ ನಿಲ್ಲಿಸುವ ಫಲಕ ಯಾರಿಗೂ ಪ್ರಯೋಜನವಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಎರಡು ವಾರ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಗುತ್ತಿಗೆದಾರರ ಆಳು ಎರಡನೇ ದಿನಕ್ಕೇ ಕಾಣೆಯಾಗುತ್ತಾನೆ. ಆ ಬೀದಿಯ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿಡಿ, ಬೆಳಿಗ್ಗೆ ಬದುವಿನಲ್ಲಿ ನೀರು ಕಾಣದಿದ್ದರೆ ನಿಮಗೆ ಫೋನ್ ಬರಲಿ.